ಕಾಳಿ ಅಲ್ಲ, ಕರಿ

ನಾಯಿಗೆ ದೇವರ ಹೆಸರಿಡಬಾರದು ಎಂಬುದು ನಮ್ಮವ್ವನ ಕಾಯ್ದೆ. ಮನುಷ್ಯರ ಹೆಸರೂ ಬೇಡ. ಆ ಹೆಸರಿನವರು ಓಣಿಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ, ಬಾಗಿಲಲ್ಲಿ ನಿಂತು ಎರಡು ಸಲ ಜೋರಾಗಿ ಕೂಗಿದರೆ ಸಾಕು, ಜಗಳ ತಾನಾಗೇ ಮನೆಗೆ ಬರುತ್ತದೆ. ಇಷ್ಟೆಲ್ಲ ಬಿಟ್ಟ ಮೇಲೆ ಉಳಿಯುವುದು ಟಾಮಿ, ಟೈಗರ್, ರೋಸಿ, ರಾಜಾ. ಕಮಲಾಪುರದಿಂದ ಹೊಸಪೇಟೆಯವರೆಗೆ ಯಾವ ಓಣಿಯಲ್ಲಿ ‘ರಾಜಾ’ ಅಂದರೂ ನಾಲ್ಕು ಬಾಲ ಅಲ್ಲಾಡುತ್ತವೆ. ಸಾಮ್ರಾಜ್ಯ ಹಾಳಾದ ಊರಿನಲ್ಲಿ ಆ ಬಿರುದು ಅಷ್ಟು ಅಗ್ಗವಾಗಿರುವುದು ಸಹಜವೇ.

ನಮ್ಮದು ಜರ್ಮನ್ ಶೆಫರ್ಡ್. ಹೆಣ್ಣು, ಬೆನ್ನು ಪೂರಾ ಕಪ್ಪು. ಮನೆಗೆ ಬರುವಾಗಲೇ ಅದಕ್ಕೊಂದು ಹೆಸರು ಕಾಗದದ ಮೇಲಿತ್ತು. ಬಾಯಿಗೆ ಹಿಡಿಸದಷ್ಟು ಉದ್ದದ್ದು. ಜೊತೆಗೆ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರ ಪಟ್ಟಿ. ನನ್ನ ಮುತ್ತಜ್ಜನ ಹೆಸರು ಕೇಳಿದರೆ ನಾನೇ ತಡವರಿಸುತ್ತೇನೆ. ಈ ತಳಿಯ ದಫ್ತರ ಶುರುವಾದದ್ದೇ ಒಂದು ಮರುನಾಮಕರಣದಿಂದ. 1899ರ ಏಪ್ರಿಲ್‌ನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ನಾಯಿಗಳ ಪ್ರದರ್ಶನಕ್ಕೆ ಹೋಗಿದ್ದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಕುದುರೆ ದಳದ ಮಾಜಿ ಅಧಿಕಾರಿಗೆ ಹೆಕ್ಟರ್ ಎಂಬ ಕುರಿನಾಯಿ ಕಣ್ಣಿಗೆ ಬಿತ್ತು. ಕೊಂಡ, ಹೊರಾಂಡ್ ಎಂದು ಹೆಸರು ಬದಲಿಸಿದ, ಹಿಂದೆ ತನ್ನ ಎಸ್ಟೇಟಿನ ಹೆಸರು ಸೇರಿಸಿದ, ಹೊಸ ತಳಿಯ ಪುಸ್ತಕದಲ್ಲಿ ಒಂದನೇ ನಂಬರಿಗೆ ಬರೆದ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರಿಗೆ ಜರ್ಮನ್ ಎಂಬ ಮಾತೇ ಕಹಿಯಾಗಿ ಇಡೀ ತಳಿಯನ್ನೇ ಅಲ್ಸೇಶಿಯನ್ ಅಂದರು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ‘ಅಲ್ಸೇಶನ್’.

ಕಾಗದದ ಹೆಸರು ಬೇಡವೆಂದಾದ ಮೇಲೆ ನಾನು ಸೂಚಿಸಿದ್ದು ಕಾಳಿ. ಸುಮ್ಮನೆ ಅಲ್ಲ, ನನ್ನ ಹತ್ತಿರ ಶಾಸನದ ಆಧಾರವೇ ಇತ್ತು. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ, ಬೇಕಾದದ್ದು ಕೇಳಿಕೋ ಅಂದನಂತೆ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು, ಎರಡೂ ಅಲ್ಲೇ ಸತ್ತವು. ಮಂಡ್ಯ ಸೀಮೆಯ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಪೂಜಾರಿಗೆ ಪಾಪ ಅಂಟಲಿ ಎಂದೂ ಕೊರೆಸಿದರು. ಹಂದಿ ನಾಯಿ ಎರಡೂ ಕೆತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಮಹಾನವಮಿ ದಿಬ್ಬದ ಬೇಟೆಯ ಸಾಲುಗಳಲ್ಲೂ ನಾಯಿಗಳಿವೆ, ಆದರೆ ಅವಕ್ಕೆ ಯಾರೂ ಹೆಸರು ಬರೆದಿಲ್ಲ. ಹೆಸರು ಸಮೇತ ಸಾವಿರ ವರ್ಷ ಉಳಿದದ್ದು ಕಾಳಿ.

ಅವ್ವ ಪೂರ್ತಿ ಕೇಳಿದಳು. “ಚಲೋ ಐತಿ. ಆದ್ರ ಚಪ್ಪಲಿ ಕಡಿದಾಗ ‘ಕಾಳಿ, ನಿನ್ನ ಬಾಯಿಗೆ ಮಣ್ಣು ಹಾಕ’ ಅಂತ ನಾ ಬೈಯ್ಯೋದು ಹೆಂಗಪಾ?” ಅಂದಳು. ಮಾರನೇ ದಿನದಿಂದ ಅವಳ ಬಾಯಲ್ಲಿ ಅದು ಕರಿ. ರೊಟ್ಟಿ ಹಾಕುವವಳು ಅವಳು. ನಾಯಿ ಯಾರ ಹೆಸರಿಗೆ ಓಗೊಟ್ಟೀತು?

ಕರಿಯ ಜೊತೆ ಬಾಳುವುದೆಂದರೆ ಮೊದಲು ಬಿಸಿಲಿನ ಜೊತೆ ಹೊಂದಿಕೊಳ್ಳುವುದು. ಚಳಿ ದೇಶಕ್ಕೆಂದು ಹುಟ್ಟಿದ ಎರಡು ಪದರದ ಕೂದಲು. ನಮ್ಮಲ್ಲಿ ಏಪ್ರಿಲ್ ಅಂದರೆ ನಲವತ್ತು ಡಿಗ್ರಿ. ಫ್ಯಾನಿನ ಕೆಳಗೆ ಕಡಪಾ ಕಲ್ಲಿನ ಮೇಲೆ ಹೊಟ್ಟೆ ಚಾಚಿ ಮಲಗುತ್ತದೆ, ಎದ್ದ ಜಾಗದಲ್ಲಿ ಉದುರಿದ ಕೂದಲಲ್ಲೇ ಅದರ ನಕ್ಷೆ. ಮಳೆಗಾಲದಲ್ಲಿ ಕಿವಿಯ ಸಂದಿನಿಂದ ಉಣ್ಣೆ ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ ಹಾಕುವುದು ನನ್ನ ಪಾಲಿನ ಕೆಲಸ. ಹಂಪಿಯ ಕಲ್ಲು ಕಾದರೆ ಪಾದ ಸುಡುತ್ತದೆಂದು ತಿರುಗಾಟವೆಲ್ಲ ಬೆಳಕು ಹರಿಯುವ ಹೊತ್ತಿಗೇ.

ಆ ಹೊತ್ತಿಗೆ ಹಂಪಿ ಬಜಾರ್ ಅಗಲವಾಗಿರುತ್ತದೆ. ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗೆ ಮುಕ್ಕಾಲು ಕಿಲೋಮೀಟರು. 2011ರ ಜುಲೈನಲ್ಲಿ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿ ತೆರವಾದ ಮೇಲೆ ನಾಯಿ ತಿರುಗಾಡಿಸುವವನಿಗೆ ಅನುಕೂಲವೇ ಆಗಿದೆ, ಹಾಗೆನ್ನಲು ಮನಸ್ಸು ಒಪ್ಪುವುದಿಲ್ಲ. ಅಲ್ಲೇ ಬಸವಣ್ಣನ ಕಡೆಯ ತುದಿಯಲ್ಲಿ ಒಂದು ಬೆಳಗ್ಗೆ ಆಡಿನ ಹಿಂಡು ಮೇಯುತ್ತಿತ್ತು. ಕರಿ ಬೊಗಳಲಿಲ್ಲ, ಮೈಮೇಲೆ ಹೋಗಲಿಲ್ಲ. ಉದ್ದ ಹಗ್ಗ ಸಡಿಲ ಬಿಟ್ಟಿದ್ದೆ. ಹುಲ್ಲು ಮುಗಿದು ದಾರಿ ಶುರುವಾಗುವ ಗೆರೆ ಹಿಡಿದು ತಲೆ ತಗ್ಗಿಸಿ ದಾಪುಗಾಲಲ್ಲಿ ನಡೆಯಿತು. ಹಗ್ಗ ಬಿಗಿಯಾದಲ್ಲಿ ತಿರುಗಿತು, ಅದೇ ಗೆರೆಯ ಮೇಲೆ ವಾಪಸ್ಸು ಬಂತು, ಮತ್ತೆ ಹೋಯಿತು. ಗೆರೆ ದಾಟಲು ಕತ್ತು ಚಾಚಿದ ಆಡೊಂದು ಅದನ್ನು ನೋಡಿ ಹಿಂದೆ ಸರಿಯಿತು.

ಇದನ್ನು ಯಾರೂ ಕಲಿಸಿರಲಿಲ್ಲ. ಜರ್ಮನಿಯಲ್ಲಿ ಬೇಲಿಯಿಲ್ಲದ ಪೈರಿನ ಪಟ್ಟಿಗಳ ನಡುವೆ ಕುರಿ ಮೇಯಿಸಬೇಕಾಗಿತ್ತು. ಪೈರಿಗೂ ಹುಲ್ಲಿಗೂ ನಡುವಿನ ಸಾಲಿನಲ್ಲಿ ದಿನವಿಡೀ ಅತ್ತಿಂದಿತ್ತ ನಡೆದು ಕುರಿ ಒಳನುಗ್ಗದಂತೆ ನೋಡಿಕೊಳ್ಳುವುದು ಈ ನಾಯಿಗಳ ಕಸುಬು. ಬಗ್ಗಿ, ಕಣ್ಣಲ್ಲೇ ಕುರಿ ಓಡಿಸುವ ಸ್ಕಾಟ್‌ಲೆಂಡ್ ಸೀಮೆಯ ಕಾಲಿಯ ರೀತಿಯೇ ಬೇರೆ. ಇದು ನಡೆದಾಡುವ ಬೇಲಿ. ಶುದ್ಧ ತಳಿ ಎಂಬ ಡೌಲಿನ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ, ಆದರೆ ಆ ಗೆರೆ ನೋಡಿದ ಮೇಲೆ ಕಾಗದದ ಮುತ್ತಜ್ಜಂದಿರನ್ನು ಪೂರ್ತಿ ತಳ್ಳಿಹಾಕಲಾಗಲಿಲ್ಲ.

ನಮ್ಮ ಕುರುಬರ ಪದ್ಧತಿಯಲ್ಲಿ ಹಗಲು ನಾಯಿಗೆ ಕೆಲಸವೇ ಇಲ್ಲ. ಕುರಿಗಾರ ಮುಂದೆ, ಅವನ ಸಿಳ್ಳೆಗೆ ಹಿಂಡು ಹಿಂದೆ. ನಾಯಿ ಇರುವುದು ರಾತ್ರಿಗೆ, ತೋಳಕ್ಕೆ. ತೋಳವೇನು ಹಳೇ ಕತೆಯಲ್ಲ. ಹೊಳೆಯಾಚೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಅದಕ್ಕೆಂದೇ ಅಭಯಾರಣ್ಯವಿದೆ. ನಾಯಿಯ ಅಂತಸ್ತೂ ಸಣ್ಣದಲ್ಲ: ಮೈಲಾರಲಿಂಗನ ಗೊರವರು ದೋಣಿ ಸೇವೆಯಲ್ಲಿ ತಾವೇ ನಾಯಿಯಂತೆ ಬೊಗಳಿ ಬಾಯಿ ಹಾಕಿ ಉಣ್ಣುತ್ತಾರೆ. ದಾಖಲೆ ಬೇಕೆನ್ನುವವರಿಗೆ ಮುಧೋಳದ ನಾಯಿ ಇದೆ, 2005ರಲ್ಲಿ ಅಂಚೆ ಚೀಟಿಯನ್ನೂ ಏರಿತು. ಅದನ್ನು ಬೆಳೆಸಿದ ಮುಧೋಳದ ಅರಸರೂ ಘೋರ್ಪಡೆಗಳೇ, ನಮ್ಮ ಸಂಡೂರಿನವರ ಹಾಗೆ. ಆದರೆ ಅದು ಮೊಲದ ಹಿಂದೆ ಓಡುವ ನಾಯಿ, ಕುರಿಯ ಗೆರೆ ಕಾಯುವುದಲ್ಲ.

ಭತ್ತ ಕೊಯ್ದ ಮೇಲೆ ಕಂಪ್ಲಿ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರೆ. ಅವ್ವನ ತವರಿನ ಗದ್ದೆಗೆ ಹೋದಾಗ ಕರಿಯೂ ಜೊತೆಗಿತ್ತು. ಪಕ್ಕದವರ ಕಡಲೆ ಹೊಲದ ಬದುವಿನ ಮೇಲೆ ತನ್ನಷ್ಟಕ್ಕೆ ಪಹರೆ ಶುರು ಮಾಡಿತು. ಕಂಬಳಿ ಹೊದ್ದ ಕುರಿಗಾರಜ್ಜ ಬೀಡಿ ಆರುವವರೆಗೂ ನೋಡಿದ.

“ಇದು ಇದ್ರ ಪೈರು ಮೇಯ್ತಂತ ದಂಡ ಕಟ್ಟೋದು ತಪ್ತೈತಿ ನೋಡ್ರಿ. ಮರಿ ಹಾಕಿದ್ರ ಒಂದು ಕೊಡ್ರಿ ಸರ.”

ಶುದ್ಧ ತಳಿಯ ಗಂಡು ಬೇಕು, ಎರಡೂ ಕಡೆ ಕಾಗದ ಬೇಕು ಎಂದು ನಾನು ವಿವರಿಸತೊಡಗಿದೆ. ಅವ್ವ ತಡೆದಳು. “ಅದೆಲ್ಲಾ ಇರ್ಲಿ ಬಿಡೋ. ಅಜ್ಜಾ, ನಿಮ್ಮ ಆ ಕಂದು ನಾಯಿ ತೋಳ ಹೊಡದೈತಾ?”

“ಎರಡು ಸಲ, ಯವ್ವಾ.”

“ಹಂಗಾರ ಅದೇ ಸಾಕು. ಒಂದು ಮರಿಗೆ ಒಂದು ಕುರಿಮರಿ. ಹೆಣ್ಣು ಕುರಿಮರಿನೇ ಆಗ್ಬೇಕು ಮತ್ತ.”

ಅಜ್ಜ ಟಗರುಮರಿ ಅಂದ. ಅವ್ವ ಆಗದು ಅಂದಳು. ಚೌಕಾಸಿ ಊಟದ ಹೊತ್ತಿನವರೆಗೂ ನಡೆಯಿತು.