ಹಸಿರು ಬೆಣಚಿನ ಹುಚ್ಚು

ರೋಣ, ನರಗುಂದದ ಎರೆಹೊಲದಲ್ಲಿ ಮಳೆ ಬಿದ್ದ ಮೇಲೆ ಕಲ್ಲು ಹುಡುಕಲು ಹೋದರೆ ಸಿಗುವುದು ಕಾಲಿಗೆ ಮೆತ್ತಿದ ಮಣ್ಣು. ಹಾಗಾಗಿ ಕಲ್ಲಿನ ಹುಚ್ಚಿರುವ ನನ್ನಂಥವರ ದಾರಿ ಗಜೇಂದ್ರಗಡದ ಗುಡ್ಡದ ಕಡೆಗೆ. ಅಲ್ಲಿನ ಮರಳುಗಲ್ಲನ್ನು ಉಜ್ಜಿದರೆ ಉದುರುವ ಕಾಳುಗಳಲ್ಲಿ ಬಹುಪಾಲು ಬೆಣಚೇ.

“ಏನ್ರೀ ಸರ, ಬಂಗಾರ ಹುಡಕಾಕ ಹತ್ತೀರೇನು?” ಎಂದು ಕುರಿ ಮೇಯಿಸುವವರು ಕೇಳುತ್ತಾರೆ.

“ಬೆಣಚಿಕಲ್ಲ ರೀ.”

“ಅದಾ? ಗಾಡಿಗಟ್ಟಲೆ ಒಯ್ಯರಿ!”

ಗಾಡಿಗಟ್ಟಲೆ ಇರುವುದು ಬಿಳಿಯದು. ನನ್ನ ಕಣ್ಣಿರುವುದು ಅದರ ಹಸಿರು ನೆಂಟ ಅವೆಂಚುರಿನ್ ಮೇಲೆ. ಇಲ್ಲಿ ಅದು ಕಾಣುವುದು ಜಾತ್ರೆಯ ಮಣಿಸರಗಳಲ್ಲಿ. ಅಂಥ ಹಸಿರು ಬೆಣಚುಬಂಡೆಯನ್ನೇ ನೋಡಬೇಕೆಂದರೆ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಗೆ ಹೋಗಬೇಕು. ಅಲ್ಲಿನದು ಸುಮಾರು 300 ಕೋಟಿ ವರ್ಷಗಳ ಮುದುಕ ಶಿಲೆ. ಅದರ ಮುಂದೆ ನಮ್ಮ ಗಜೇಂದ್ರಗಡದ ಗುಡ್ಡ ಇನ್ನೂ ಹುಡುಗ.

ಶುದ್ಧ ಬೆಣಚೆಂದರೆ ಸಿಲಿಕಾನ್, ಆಮ್ಲಜನಕ ಎರಡೇ, ಅದಕ್ಕೆ ಬಣ್ಣವಿಲ್ಲ. ಹಸಿರು ಬಂದದ್ದು ಕಲಬೆರಕೆಯಿಂದ. ಹಸಿರು ಬೆಣಚುಗಳ ಪೈಕಿ ಕ್ರೈಸೊಪ್ರೇಸ್‌ಗೆ ನಿಕ್ಕಲ್ ಬಣ್ಣ ಕೊಟ್ಟರೆ, ಅವೆಂಚುರಿನ್‌ಗೆ ಫುಕ್ಸೈಟ್ ಎಂಬ ಕ್ರೋಮಿಯಂ ಬೆರೆತ ಕಾಗೆಬಂಗಾರ ಕೊಡುತ್ತದೆ. ಪ್ರಾಸಿಯೊಲೈಟ್‌ನದು ಬೇರೆಯೇ ಕಥೆ: ಮಾರುಕಟ್ಟೆಗೆ ಬರುವುದರಲ್ಲಿ ಬಹಳಷ್ಟು, ಬ್ರೆಜಿಲ್‌ನ ನೇರಳೆ ಅಮೆಥಿಸ್ಟನ್ನು ಕಾಯಿಸಿ ಹಸಿರಾಗಿಸಿದ್ದು.

ಅವೆಂಚುರಿನ್ನಿನ ರುಚಿ ಗೊತ್ತಾಗುವುದು ಬಿಸಿಲಿಗೆ ಹಿಡಿದಾಗ. ಮೆಲ್ಲಗೆ ಹೊರಳಿಸುತ್ತಿದ್ದರೆ ಒಂದು ಓರೆಗೆ ಬಂದಾಗ ಒಳಗಿನ ಚೂರುಗಳೆಲ್ಲ, ಗಾಳಿಗೆ ಬಿಳಿಜೋಳದ ಗರಿ ಒಟ್ಟಿಗೆ ಹೊರಳಿದಂತೆ, ಫಳ್ಳೆಂದು ಮಿಂಚುತ್ತವೆ. ಕೂದಲೆಳೆಯಷ್ಟು ಆಚೆ ಸರಿಸಿದರೆ ಸಾಕು, ಮತ್ತೆ ಬರೀ ಕಲ್ಲು. ಈ ಆಟದಲ್ಲಿ ಚಹಾ ಆರಿಹೋದದ್ದೂ ತಿಳಿಯುವುದಿಲ್ಲ.

ಜಾತ್ರೆಯಲ್ಲಿ ಇದನ್ನೇ “ಪಚ್ಚೆ ರೀ” ಎಂದು ಕೊಡುವವರುಂಟು. ಪಚ್ಚೆ ಬೆರಿಲ್ ಕುಲದ್ದು, ಬೆಣಚಿನದಲ್ಲ. ಹಸಿರು ಗಾಜನ್ನು ದಾಟಿಸುವವರೂ ಉಂಟು. ಬೆಣಚಿನ ಗಡಸುತನ 7. ಅದು ಗಾಜಿನ ಮೇಲೆ ಗೀರುತ್ತದೆ, ಚಾಕು ಅದರ ಮೇಲೆ ಸಾಮಾನ್ಯವಾಗಿ ಗೀರಲಾರದು. ಅಂಗಡಿಯಲ್ಲಿ ಗೀರಿ ನೋಡಿದರೆ ಬೈಗುಳ ಖಾತ್ರಿ. ಅದಕ್ಕೇ ನಾನು ಮಣಿಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತೇನೆ. ಗಾಜು ಬೇಗ ಬೆಚ್ಚಗಾಗುತ್ತದೆ, ಬೆಣಚು ತಣ್ಣಗೇ ಇರುತ್ತದೆ. ಆಮೇಲೆ ಭೂತಗನ್ನಡಿ: ಗಾಜಾದರೆ ಒಳಗೆ ದುಂಡನೆಯ ಗುಳ್ಳೆಗಳು ಕಾಣಬಹುದು.

ಅವೆಂಚುರಿನ್ನಿನ ಮೈಮೇಲೆ ಮಾತ್ರ ಸಣ್ಣ ಕುಳಿಗಳು. ಬೆಣಚು ಗಟ್ಟಿ, ಕಾಗೆಬಂಗಾರ ಉಗುರಿಗೂ ಸೋಲುವಷ್ಟು ಮೆತ್ತಗೆ. ಮೆರುಗು ಕೊಡುವಾಗ ಮೆತ್ತಗಿನದು ಕಿತ್ತುಬರುತ್ತದೆ. ಕೊಳ್ಳುವವರು ಕುಳಿಯಿರುವ ಮಣಿಯನ್ನು ಪಕ್ಕಕ್ಕೆ ಸರಿಸುತ್ತಾರೆ. ನಾನು ಅದನ್ನೇ ಆರಿಸುತ್ತೇನೆ. ಹಸಿರನ್ನೂ ಮಿಂಚನ್ನೂ ತಂದ ಕಾಗೆಬಂಗಾರವೇ ಕುಳಿಯನ್ನೂ ತಂದದ್ದು. ಒಂದು ಬೇಕು, ಒಂದು ಬೇಡವೆಂದರೆ ಹೇಗೆ? ಚೂರೂ ಐಬಿಲ್ಲದ ಹಸಿರೇ ಬೇಕೆನ್ನುವವರಿಗೆ ಗಾಜಿದೆ, ಅಗ್ಗವೂ ಹೌದು.