ಸಜ್ಜೆ ಹಿಟ್ಟಿಗೆ ಸಿಕ್ಕ ಅನುದಾನ

ಸಜ್ಜೆ ಹಿಟ್ಟು ಬಹಳ ದಿನ ಬಾಳುವುದಿಲ್ಲ ಎಂದು ನಮ್ಮ ಕಡೆಯ ಯಾವ ಹೆಣ್ಣುಮಗಳಿಗೂ ಹೇಳಿಕೊಡಬೇಕಾಗಿಲ್ಲ. ನಾನು ಕುಷ್ಟಗಿ ಸೀಮೆಯಲ್ಲಿ ಹಿಟ್ಟಿನ ಗಿರಣಿ ನಡೆಸಿದವನು. ಜೋಳ ತರುವವರು ಚೀಲ ತುಂಬ ತರುತ್ತಿದ್ದರು, ಸಜ್ಜೆ ತರುವವರು ಪುಟ್ಟಿಯಲ್ಲಿ ಒಂದಿಷ್ಟೇ ತರುತ್ತಿದ್ದರು. ಬೀಸಿದ ಸಜ್ಜೆ ಹಿಟ್ಟು ವಾರ ಕಳೆಯುವುದರೊಳಗೆ ಕಮಟು ವಾಸನೆ ಹಿಡಿಯುತ್ತದೆ, ರೊಟ್ಟಿ ಕಹಿಯಾಗುತ್ತದೆ. ಸಂಕ್ರಾಂತಿ ಹೊತ್ತಿಗೆ ಎಳ್ಳು ಹಚ್ಚಿದ ರೊಟ್ಟಿಯನ್ನು ಒಮ್ಮೆಲೇ ಬಡಿದು ಕಟಕು ಮಾಡಿ ಇಡುವುದು ಎಲ್ಲ ಮನೆಗಳ ರೂಢಿ. ಹಿಟ್ಟಾಗಿ ಇಡಲು ಮಾತ್ರ ಯಾರೂ ಧೈರ್ಯ ಮಾಡುತ್ತಿರಲಿಲ್ಲ.

ಸ್ಟಾರ್ಟಪ್ಪು, ಗ್ರ್ಯಾಂಟು ಎಂದು ನೀವು ಹುಡುಗರು ಮಾತಾಡುವಾಗಲೆಲ್ಲ ನನಗೆ ಆ ಹಿಟ್ಟು ನೆನಪಾಗುತ್ತದೆ. ಒಲೆಯ ಹತ್ತಿರ ಸರಿದು ಕೂಡಿರಿ, ನಡೆದದ್ದು ನಡೆದ ಹಾಗೆ ಹೇಳುತ್ತೇನೆ.

2019ರ ಮಾತು. ನಮ್ಮಣ್ಣನ ಮಗಳು ಆಹಾರ ವಿಜ್ಞಾನ ಓದಿ ಊರಿಗೆ ಬಂದಿದ್ದಳು. ಒಂದು ದಿನ ಗಿರಣಿಗೆ ಬಂದವಳು ಬೊಗಸೆಯಲ್ಲಿ ಸಜ್ಜೆ ಹಿಡಿದು ನಿಂತಳು. “ಕಾಕಾ, ಹಿಟ್ಟು ಯಾಕ ಕಹಿ ಆಗ್ತೈತಿ ಗೊತ್ತೇನು? ಇದರ ಮೊಳಕಿ ಭಾಗ ದೊಡ್ಡದು, ಎಣ್ಣಿ ಅಂಶ ಜಾಸ್ತಿ. ಅಕ್ಕಿ, ಗೋದಿಯೊಳಗ ಇಷ್ಟಿಲ್ಲ. ಆ ಎಣ್ಣಿ ಒಡಿಯೋ ಲೈಪೇಸ್ ಅನ್ನೂ ಕಿಣ್ವನೂ ಇದರಾಗ ಐತಿ. ಕಾಳು ಇಡಿಯಾಗಿರೂತನಾ ಸುಮ್ಮನಿರ್ತೈತಿ. ನೀವು ಬೀಸಿದ ಕೂಡ್ಲೇ ಎಣ್ಣಿಗೆ ಕೈ ಹಾಕ್ತೈತಿ.”

ಬೀಸುವ ಮೊದಲೇ ಕಾಳಿಗೆ ಉಗಿ ತೋರಿಸಿ ಒಣಗಿಸಿದರೆ ಆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಇದು ವಿಜ್ಞಾನಿಗಳಿಗೆ ಮೊದಲೇ ಗೊತ್ತಿದ್ದ ವಿಷಯ, ಅವಳು ಪುಸ್ತಕದಲ್ಲಿ ಓದಿಕೊಂಡು ಬಂದಿದ್ದಳು. ಆದರೆ ಹಳ್ಳಿಯ ಗಿರಣಿಯಲ್ಲಿ, ಕ್ವಿಂಟಲ್ ಲೆಕ್ಕದಲ್ಲಿ, ಎಷ್ಟು ಹೊತ್ತು ಉಗಿ ಕೊಡಬೇಕು? ಮನೆಯ ಇಡ್ಲಿ ಪಾತ್ರೆಯಲ್ಲಿ ಉಗಿ ಕೊಟ್ಟು, ಮಾಳಿಗೆಯ ಮೇಲೆ ಒಣಗಿಸಿ, ನನ್ನ ಗಿರಣಿಯಲ್ಲೇ ಬೀಸಿ ನೋಡಿದಳು. ಉಗಿ ಕಡಿಮೆಯಾದರೆ ಹಿಟ್ಟು ಕಹಿ. ಹೆಚ್ಚಾದರೆ ಕಹಿಯೇನೋ ಇಲ್ಲ, ಹಿಟ್ಟಿನ ಜಿಗಿ ಹೋಗಿ ಬಡಿಯುವಾಗ ರೊಟ್ಟಿಯ ಅಂಚು ಸೀಳುತ್ತಿತ್ತು. ನಮ್ಮ ಅತ್ತಿಗೆ ಒಂದು ರೊಟ್ಟಿ ಬಡಿದು, “ಇದನ್ನ ಯಾರು ಕೊಳ್ತಾರವ್ವಾ” ಎಂದುಬಿಟ್ಟರು.

ಸರಿಯಾದ ಹದ ಹುಡುಕಲು ದುಡ್ಡು ಬೇಕಿತ್ತು. ಇಬ್ಬರೂ ಬ್ಯಾಂಕಿಗೆ ಹೋದೆವು. ಮ್ಯಾನೇಜರರು ಮರ್ಯಾದೆಯಿಂದಲೇ ಕೇಳಿದರು: ಯಾವ ಯಂತ್ರ, ಅದರ ಕೊಟೇಶನ್ ಎಲ್ಲಿ, ವರ್ಷದ ವಹಿವಾಟು ಎಷ್ಟು, ಅಡವು ಏನು? ಪೇಟೆಯ ದೊಡ್ಡ ವ್ಯಾಪಾರಿಯೊಬ್ಬರು ತಿಂಗಳಿಗೆ ಎಷ್ಟು ಚೀಲ ಹಿಟ್ಟು ಕೊಡುತ್ತೀರಿ ಎಂದರು. ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಸಾಲ ಕೊಡುವವನು ವಾಪಸು ಬರುವ ದಾರಿ ನೋಡುತ್ತಾನೆ, ವ್ಯಾಪಾರಿ ಮಾಲು ನೋಡುತ್ತಾನೆ. ನಮ್ಮ ಹುಡುಗಿಯ ಕೈಯಲ್ಲಿ ಆಗ ಎರಡೂ ಇರಲಿಲ್ಲ. ಇದ್ದದ್ದು ಒಂದು ಪ್ರಶ್ನೆ, ಅದಕ್ಕೆ ಉತ್ತರ ಹುಡುಕುವ ವಿದ್ಯೆ.

ಅಂಥವರಿಗಾಗಿಯೇ ಆಗ ಒಂದು ದಾರಿ ತೆರೆದಿತ್ತು. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ‘ರಫ್ತಾರ್’ ಅಡಿಯಲ್ಲಿ ಕೇಂದ್ರ ಕೃಷಿ ಸಚಿವಾಲಯ ಕೃಷಿ ಮತ್ತು ಆಹಾರದ ಹೊಸ ಉದ್ಯಮಗಳಿಗೆ ಅನುದಾನ ಕೊಡಲು ಶುರು ಮಾಡಿತ್ತು. ದೇಶದಲ್ಲಿ ಇದಕ್ಕೆ ಮಾರ್ಗದರ್ಶನ ಮಾಡಲು ಆರಿಸಿದ ಐದು ಸಂಸ್ಥೆಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಒಂದು. ಎರಡು ತಿಂಗಳ ತರಬೇತಿ, ತರಬೇತಿಯಲ್ಲಿರುವಾಗ ತಿಂಗಳಿಗೆ 10,000 ರೂಪಾಯಿ. ಬರೀ ಆಲೋಚನೆಯ ಹಂತದಲ್ಲಿರುವವರಿಗೆ 5 ಲಕ್ಷದವರೆಗೆ, ಮಾಲು ಸಿದ್ಧವಾಗಿ ಮಾರುಕಟ್ಟೆಗೆ ಹೊರಟವರಿಗೆ 25 ಲಕ್ಷದವರೆಗೆ. ಮೊದಲ ಹಂತದಲ್ಲಿ ನೂರಕ್ಕೆ 90 ಪಾಲು ಸರ್ಕಾರದ್ದು, 10 ಪಾಲು ಅರ್ಜಿದಾರರದ್ದು. ಇದು ಸಾಲವಲ್ಲ, ತಿರುಗಿಸಿ ಕೊಡಬೇಕಾಗಿಲ್ಲ.

ಇಂಥದೊಂದು ಕೇಂದ್ರಕ್ಕೆ ಅವಳು ಅರ್ಜಿ ಹಾಕಿದಳು. ಖರ್ಚಿನ ಪಟ್ಟಿ ಬರೆಯುವ ರಾತ್ರಿ ನಾನು ಎದುರಿಗೇ ಕೂತಿದ್ದೆ. ಹೊಸ ಬೀಸುವ ಯಂತ್ರ, ಪ್ಯಾಕಿಂಗ್ ಯಂತ್ರ ಎರಡನ್ನೂ ಹಾಕು ಎಂದು ಮನೆಯವರೆಲ್ಲ ಹೇಳಿದರು. “ಬೀಸಾಕ ಕಾಕಾನ ಗಿರಣಿ ಐತಲ್ಲ” ಎಂದು ಬಿಟ್ಟಳು. ಅವಳು ಬರೆದದ್ದು: ಸಣ್ಣದೊಂದು ಉಗಿ ಪಾತ್ರೆ, ಒಣಗಿಸುವ ಪೆಟ್ಟಿಗೆ, ತೇವಾಂಶ ಅಳೆಯುವ ಮೀಟರು, ಮೂರು ಬಗೆಯ ಪ್ಯಾಕೆಟ್ಟು, ಪ್ರಯೋಗಾಲಯದ ಶುಲ್ಕ. ಕೊನೆಯ ಸಾಲಿನಲ್ಲಿ ಒಂದು ವಿಶೇಷ ಇತ್ತು. ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕೂಲಿ! ಪ್ರತಿ ಹದದ ಹಿಟ್ಟಿನಿಂದ ಅವರು ರೊಟ್ಟಿ ಬಡಿದು, ತಿಂದು, ಗುಣ ಹೇಳಬೇಕು. ಅವರ ಕೈಯ ತಿಳಿವಳಿಕೆಗೂ ಸಂಬಳ ಸಿಗಬೇಕು ಎಂಬುದು ಅವಳ ಹಟ.

ಸಂದರ್ಶನದ ದಿನ ನಾನೂ ಜೊತೆಗೆ ಹೋದೆ. ಪಡಸಾಲೆಯ ತುಂಬ ಹುಡುಗ ಹುಡುಗಿಯರು. ಹಲಸಿನ ಚಿಪ್ಸು ತಂದವರು, ನವಣೆ ಶ್ಯಾವಿಗೆ ತಂದವರು, ಟೊಮೆಟೊ ಒಣಗಿಸಿ ಪುಡಿ ಮಾಡಿ ತಂದವರು. ಕೆಲವರ ಕೈಯಲ್ಲಿ ಲ್ಯಾಪ್‌ಟಾಪು, ಅದರೊಳಗೆ ಮುಂದಿನ ಐದು ವರ್ಷದ ಲಾಭದ ಲೆಕ್ಕ. ನಮ್ಮವಳ ಕೈಯಲ್ಲಿ ಮೂರು ಸ್ಟೀಲಿನ ಡಬ್ಬಿ. ಸಂಗಡ ಬಂದವರು ಹಿಂದೆ ಕೂಡಬಹುದು ಎಂದಿದ್ದರಿಂದ ಎಲ್ಲವನ್ನೂ ಕಣ್ಣಾರೆ ಕಂಡೆ.

ಮೊದಲ ಡಬ್ಬಿಯಲ್ಲಿ ಹಾಗೇ ಬೀಸಿ ಹದಿನೈದು ದಿನ ಇಟ್ಟ ಹಿಟ್ಟು. ಮೂಸಿದ ಹಿರಿಯರೊಬ್ಬರು ಮುಖ ಆಚೆ ತಿರುಗಿಸಿದರು. ಎರಡನೆಯದರಲ್ಲಿ ಅಷ್ಟೇ ದಿನ ಇಟ್ಟ, ಉಗಿ ಕೊಟ್ಟ ಕಾಳಿನ ಹಿಟ್ಟು. ವಾಸನೆಯಿಲ್ಲ. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು ಅನಿಸುತ್ತದೆ. ಅವಳು ಮೂರನೆಯ ಡಬ್ಬಿ ತೆರೆದು, ಅದೇ ಹಿಟ್ಟಿನ ಅಂಚು ಸೀಳಿದ ರೊಟ್ಟಿ ತೆಗೆದು ಮುಂದಿಟ್ಟಳು.

“ಏನವ್ವಾ, ತೊಂದರಿ ತೋರಸಾಕ ಬಂದೀಯೇನು?”

“ಹೌದ್ರೀ ಸರ್. ಕಹಿ ನಿಲ್ಲಸೂದು ಪುಸ್ತಕದಾಗ ಐತ್ರಿ. ಕಹಿನೂ ನಿಲ್ಲಬೇಕು, ರೊಟ್ಟಿನೂ ಬರಬೇಕು ಅಂದ್ರ ಎಷ್ಟು ಉಗಿ, ಎಷ್ಟು ಒಣಗಿಸಬೇಕು ಅನ್ನೂದು ಎಲ್ಲೂ ಇಲ್ರಿ. ರೊಕ್ಕ ಅದಕ್ಕ ಬೇಕ್ರಿ.”

“ಹದ ಸಿಗಲಿಲ್ಲ ಅಂದ್ರ?”

“ಸಿಗಲಿಲ್ಲ ಅನ್ನೂದನ್ನೂ ಲೆಕ್ಕದ ಸಮೇತ ಬರದು ಕೊಡ್ತೀನ್ರಿ. ಮುಂದ ಬರೋರು ಅಲ್ಲಿಂದ ಶುರು ಮಾಡ್ತಾರ.”

ಒಬ್ಬ ಹಿರಿಯ ವಿಜ್ಞಾನಿ, ಹೆಣ್ಣುಮಗಳು, ಅಲ್ಲಿಯವರೆಗೆ ಸುಮ್ಮನಿದ್ದವರು, ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು. ಕೂಲಿಯ ಸಾಲಿನ ಮೇಲೆ ಬೆರಳಿಟ್ಟು, “ಇದನ್ನ ಯಾರೂ ಕಡಿಮೆ ಮಾಡಬ್ಯಾಡ್ರಿ” ಎಂದರು. ಅನುದಾನ ಮಂಜೂರಾಯಿತು.

ಆಮೇಲಿನದು ತಾಳ್ಮೆಯ ಕೆಲಸ. ಪ್ಯಾಕೆಟ್ಟುಗಳನ್ನು ಪ್ರಯೋಗಾಲಯದಲ್ಲಿ 38 ಡಿಗ್ರಿ ಸೆಲ್ಸಿಯಸ್ ಬಿಸಿ, ನೂರಕ್ಕೆ 90ರಷ್ಟು ತೇವವಿರುವ ಕೋಣೆಯಲ್ಲಿಟ್ಟು ಕಾಯಬೇಕು. ಅಂಥ ಕಾವು ತೇವದಲ್ಲಿ ಹಿಟ್ಟು ಬೇಗ ಕೆಡುತ್ತದೆ, ಅದರಿಂದ ಅಂಗಡಿಯಲ್ಲಿ ಎಷ್ಟು ದಿನ ಬಾಳೀತು ಎಂದು ಅಂದಾಜು ಸಿಗುತ್ತದೆ. ಆಗಾಗ ತೆಗೆದು ಎಣ್ಣೆ ಒಡೆದು ಬಿಡುಗಡೆಯಾದ ಆಮ್ಲ ಎಷ್ಟು, ತೇವ ಎಷ್ಟು ಎಂದು ಅಳೆಯಬೇಕು. ಇತ್ತ ಮನೆಯಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬಡಿದು ತೀರ್ಪು ಕೊಡುತ್ತಿದ್ದರು. ಹದದ ಗುಟ್ಟು ಉಗಿಗಿಂತ ಹೆಚ್ಚಾಗಿ ಒಣಗಿಸುವುದರಲ್ಲಿದೆ ಎಂದು ಮೊದಲು ಹೇಳಿದವರೇ ಅವರು. ಬಿಸಿಲಿಗೆ ಒಮ್ಮೆಲೇ ಒಣಗಿದ ಕಾಳಿನ ಹಿಟ್ಟು ಎಸರು ಹಾಕಿ ನಾದಿದರೂ ಕೂಡಿಕೊಳ್ಳುವುದಿಲ್ಲ ಎಂದರು. ನಿಧಾನಕ್ಕೆ ಒಣಗಿಸಿ ನೋಡಿದೆವು, ಅಂಚು ಸೀಳುವುದು ನಿಂತಿತು.

ಈ ನಡುವೆ ಎರಡನೆಯ ಕಂತು ತಡವಾಯಿತು. ಖರ್ಚಿನ ಪ್ರಮಾಣಪತ್ರ ಕಳಿಸಿಯಾಗಿತ್ತು, ಕಡತ ಯಾವುದೋ ಮೇಜಿನ ಮೇಲೆ ಕೂತಿತ್ತು. ಪ್ರಯೋಗಾಲಯದ ಶುಲ್ಕವನ್ನು ಗಿರಣಿಯ ದುಡಿಮೆಯಿಂದ ಕಟ್ಟಿದೆವು. ನಮಗೆ ಗಿರಣಿ ಇತ್ತು. ಗಿರಣಿ ಇಲ್ಲದ ಮನೆಯ ಹುಡುಗಿಯಾಗಿದ್ದರೆ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತಿತ್ತು, ಅಲ್ಲಿಯವರೆಗೆ ಸರ್ಕಾರ ಕೊಟ್ಟ ದುಡ್ಡೂ ನೀರುಪಾಲಾಗುತ್ತಿತ್ತು. ಇಟ್ಟ ಹಿಟ್ಟು ಕಡತಕ್ಕಾಗಿ ಕಾಯುವುದಿಲ್ಲ.

ಕೊನೆಗೆ ವರದಿ ಬಂತು. ಪ್ಯಾಕೆಟ್ಟಿನ ಹಿಟ್ಟು ಎರಡು ತಿಂಗಳು ದಾಟಿದರೂ ಕಹಿಯಾಗಿರಲಿಲ್ಲ. ಆ ವರದಿ ಹಿಡಿದು ಬ್ಯಾಂಕಿಗೆ ಹೋದಾಗ ಮಾತಿನ ಧಾಟಿಯೇ ಬೇರೆಯಾಗಿತ್ತು. 2020ರಲ್ಲಿ ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಪ್ರಧಾನಮಂತ್ರಿ ಯೋಜನೆ ಬಂದಿತ್ತು. ಬ್ಯಾಂಕ್ ಸಾಲದ ಜೊತೆ ಯೋಜನಾ ವೆಚ್ಚದ ನೂರಕ್ಕೆ 35, ಗರಿಷ್ಠ 10 ಲಕ್ಷ ಸಹಾಯಧನ. ಕರ್ನಾಟಕ ಸರ್ಕಾರ ತನ್ನ 15 ಪಾಲು ಸೇರಿಸಿ ಅದನ್ನು ನೂರಕ್ಕೆ 50ಕ್ಕೆ, 15 ಲಕ್ಷದವರೆಗೆ ಏರಿಸಿತು. ಯಂತ್ರಕ್ಕೆ ದುಡ್ಡು ಸಿಕ್ಕಿದ್ದು ಈ ದಾರಿಯಲ್ಲಿ. ಮೊದಲು ಅನುದಾನದಿಂದ ಪರೀಕ್ಷೆ, ಆಮೇಲೆ ಸಾಲದಿಂದ ಯಂತ್ರ. ಈ ಕ್ರಮ ತಿರುವುಮುರುವಾದ ಕಡೆ ಹೊಸ ಯಂತ್ರ ಧೂಳು ತಿನ್ನುತ್ತ ಕೂತದ್ದನ್ನೂ, ಸಾಲದ ನೋಟಿಸು ಬಂದದ್ದನ್ನೂ ನಾನು ಕಂಡಿದ್ದೇನೆ.

ಈಗ ದಾರಿಗಳು ಇನ್ನೂ ಇವೆ. ರಾಜ್ಯ ಸರ್ಕಾರ 2017ರಲ್ಲಿ ಶುರು ಮಾಡಿದ ‘ಎಲಿವೇಟ್’ನಲ್ಲಿ 50 ಲಕ್ಷದವರೆಗೆ ಅನುದಾನ ಸಿಗುತ್ತದೆ. ಜೈವಿಕ ತಂತ್ರಜ್ಞಾನದ ಆಲೋಚನೆಯಿದ್ದರೆ ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆಯ ‘ಬಿಗ್’ ಅನುದಾನವೂ 50 ಲಕ್ಷದವರೆಗೆ ಇದೆ. 2021ರ ಸ್ಟಾರ್ಟಪ್ ಇಂಡಿಯಾ ಬೀಜ ನಿಧಿಯಲ್ಲಿ ಪ್ರಯೋಗದ ಹಂತಕ್ಕೆ 20 ಲಕ್ಷದವರೆಗೆ ಅವಕಾಶವಿತ್ತು. ಸಿರಿಧಾನ್ಯದವರಿಗೆ ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆಯ ‘ನ್ಯೂಟ್ರಿಹಬ್’, ಆಹಾರ ತಂತ್ರಜ್ಞಾನದ ಮಾರ್ಗದರ್ಶನಕ್ಕೆ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಇವೆ. ನಿಯಮ, ಮೊತ್ತ ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ಮೊದಲು ವಿಚಾರಿಸಿಕೊಳ್ಳಿ.

ಅನುದಾನ ಕೊಡುವ ಹಿರಿಯರಿಗೆ ನನ್ನದೊಂದು ಬೇಡಿಕೆ: ಕಂತುಗಳನ್ನು ಹೇಳಿದ ದಿನಕ್ಕೆ ಕೊಡಿ, ಸೋತ ಪ್ರಯೋಗದ ವರದಿಯನ್ನೂ ಗೆದ್ದದ್ದರಷ್ಟೇ ಗೌರವದಿಂದ ಓದಿ. ಪಡೆಯಲು ಹೊರಟ ಮಕ್ಕಳಿಗೆ ಹೇಳುವುದಿಷ್ಟು: ನಿಮ್ಮ ಊರಿನ ಅಡುಗೆಮನೆಯಲ್ಲಿ ಇನ್ನೂ ಬಗೆಹರಿಯದ ತೊಂದರೆ ಯಾವುದಿದೆ ಎಂದು ಮೊದಲು ಹುಡುಕಿ. ಅದನ್ನು ಪರೀಕ್ಷಿಸಲು ಬೇಕಾದಷ್ಟು ದುಡ್ಡನ್ನು ಸಂಕೋಚವಿಲ್ಲದೆ ಕೇಳಿ. ಅದು ಜನರ ತೆರಿಗೆಯ ಹಣ, ಒಂದೊಂದು ರೂಪಾಯಿಗೂ ಲೆಕ್ಕ ಬರೆದಿಡಿ.