ಫಜ್ರ್‌ಗೆ ಹೊರಟು ಇಶಾಗೆ ಮನೆಗೆ

ಪ್ರವಾಸ ಎಂದ ಕೂಡಲೇ ನಿಮ್ಮ ಮನಸ್ಸಿಗೆ ಏನು ಬರುತ್ತದೆ? ಊಟಿ, ಕಾಶ್ಮೀರ, ದುಬೈ. ವಾರದ ರಜೆ, ದೊಡ್ಡ ಸೂಟ್‌ಕೇಸ್, ಅದಕ್ಕಿಂತ ದೊಡ್ಡ ಖರ್ಚು. "ಮುಂದಿನ ವರ್ಷ ನೋಡೋಣ" ಎಂದು ಹೇಳುತ್ತಲೇ ಹತ್ತು ವರ್ಷ ಕಳೆದುಹೋಗುತ್ತದೆ. ಮಕ್ಕಳು ದೊಡ್ಡವರಾಗುತ್ತಾರೆ. ಮನೆಯ ಗಂಡಸರು ವ್ಯಾಪಾರಕ್ಕೆಂದೋ ಜಮಾಅತ್‌ಗೆಂದೋ ಊರೂರು ಸುತ್ತಿ ಬರುತ್ತಾರೆ. ಅಮ್ಮ ಮಾತ್ರ ತವರು ಮನೆ, ಮದುವೆ ಮನೆ, ಆಸ್ಪತ್ರೆ ಈ ಮೂರು ದಾರಿಗಳನ್ನು ಬಿಟ್ಟು ಬೇರೆ ದಾರಿ ಕಂಡಿರುವುದಿಲ್ಲ.

ಬೆಂಗಳೂರಿನ ರಿಚರ್ಡ್ಸ್ ಟೌನನ್ನೇ ನೋಡಿ. ಮರಗಳ ನೆರಳಿನ ಬೀದಿಗಳು, ರಿಚರ್ಡ್ಸ್ ಪಾರ್ಕ್, ಪಕ್ಕದಲ್ಲೇ ಫ್ರೇಜರ್ ಟೌನ್, ಕಾಕ್ಸ್ ಟೌನ್. ಇಲ್ಲಿನ ಗೃಹಿಣಿಯರ ಲೋಕ ಬಹಳ ಸಲ ಮಾಸ್ಕ್ ರೋಡಿನಿಂದ ಶುರುವಾಗಿ ಶಿವಾಜಿನಗರದ ರಸೆಲ್ ಮಾರ್ಕೆಟ್ ಅಥವಾ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಮುಗಿಯುತ್ತದೆ. ಆದರೆ ಇದೇ ಬಡಾವಣೆಯಿಂದ ಫಜ್ರ್ ನಮಾಝ್ ಮುಗಿಸಿ ಹೊರಟರೆ, ಇಶಾ ಹೊತ್ತಿಗೆ ಮನೆಗೆ ಮರಳಬಹುದಾದ ದೂರದಲ್ಲಿ ಎಂತೆಂತಹ ಸ್ಥಳಗಳಿವೆ! ರಾತ್ರಿ ತಂಗುವ ಚಿಂತೆಯಿಲ್ಲ, ಹೋಟೆಲ್ ರೂಮಿನ ಖರ್ಚಿಲ್ಲ.

ಪವಿತ್ರ ಕುರ್‌ಆನ್ ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಹಲವು ಕಡೆ ಹೇಳುತ್ತದೆ. ಆ ಮಾತನ್ನು ಗಂಡಸರಿಗೆ ಮಾತ್ರ ಎಂದು ಯಾರೂ ಕಟ್ಟಿಟ್ಟಿಲ್ಲ. ಪ್ರವಾದಿ ಮುಹಮ್ಮದ್(ಸ) ಪ್ರಯಾಣ ಹೊರಡುವಾಗ ತಮ್ಮ ಪತ್ನಿಯರಲ್ಲಿ ಯಾರು ಜೊತೆಗೆ ಬರಬೇಕೆಂದು ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಒಂದು ಪ್ರಯಾಣದಲ್ಲಿ ಅವರು ಹಝ್ರತ್ ಆಯಿಶಾ(ರ)ರೊಡನೆ ಓಟದ ಪಂದ್ಯ ಕಟ್ಟಿದರು, ಆಯಿಶಾ(ರ) ಗೆದ್ದರು. ಮುಂದೆ ಇನ್ನೊಮ್ಮೆ ಓಡಿದಾಗ ಪ್ರವಾದಿವರ್ಯರು(ಸ) ಗೆದ್ದು, ಇದು ಅಂದಿನ ಲೆಕ್ಕಕ್ಕೆ ಎಂದು ತಮಾಷೆ ಮಾಡಿದರು. ಹೆಂಡತಿಯನ್ನು ಹೊರಗೆ ಕರೆದೊಯ್ಯುವುದು ದುಂದುಗಾರಿಕೆ ಎನ್ನುವವರಿಗೆ ಈ ಘಟನೆಯನ್ನು ನೆನಪಿಸಿ.

ಎಲ್ಲಿಗೆ ಹೋಗುವುದು? ಮೂರು ಬೇರೆ ಬೇರೆ ದಿನಗಳ ಮೂರು ದಾರಿಗಳನ್ನು ಇಲ್ಲಿ ಹೇಳುತ್ತೇನೆ. ಮೂರೂ ಒಂದೇ ಮನೆತನದ ಕಥೆಯನ್ನು ಹೇಳುತ್ತವೆ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಹೆಸರು ನಮ್ಮ ಮಕ್ಕಳಿಗೆ ಗೊತ್ತು. ಆದರೆ ಅವರು ಅದನ್ನು ಕೇಳಿರುವುದು ಟಿ.ವಿ.ಯ ಜಗಳಗಳಲ್ಲಿ. 2015ರಲ್ಲಿ ಸರಕಾರ ಟಿಪ್ಪು ಜಯಂತಿ ಆಚರಿಸಲು ತೊಡಗಿತು, 2019ರಲ್ಲಿ ಇನ್ನೊಂದು ಸರಕಾರ ಅದನ್ನು ರದ್ದುಪಡಿಸಿತು. ಎರಡು ಸಲವೂ ಕೂಗಾಟವೇ ಹೆಚ್ಚು. ಆ ಕೂಗಾಟದಲ್ಲಿ ಯಾರ ಬಾಯಲ್ಲೂ ಬಾರದವರು ಆ ಮನೆತನದ ತಾಯಂದಿರು. ಈ ಮೂರು ದಾರಿಗಳಲ್ಲಿ ಅವರನ್ನೂ ಕಾಣೋಣ.

ಮೊದಲ ದಿನ: ಕೋಲಾರದ ಕಡೆಗೆ

ರಿಚರ್ಡ್ಸ್ ಟೌನಿನವರಿಗೆ ಕೋಲಾರ ಹತ್ತಿರದ ದಾರಿ. ಟಿನ್ ಫ್ಯಾಕ್ಟರಿ ಅಥವಾ ಕೆ.ಆರ್. ಪುರಕ್ಕೆ ಹೋದರೆ ಹೊಸಕೋಟೆ ಮೇಲೆ ಹೋಗುವ ಕೋಲಾರದ ಬಸ್ಸುಗಳು ಸಿಗುತ್ತವೆ. ರೈಲಿನಲ್ಲಾದರೆ ಬಂಗಾರಪೇಟೆಯಲ್ಲಿ ಇಳಿಯಬಹುದು. ಮದರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿ ಮೊದಲ ರೈಲು ಬಂದದ್ದು ಇದೇ ದಾರಿಯಲ್ಲಿ.

ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ ಸುಮಾರು 1720ರ ಹೊತ್ತಿಗೆ ಹೈದರ್ ಅಲಿ ಹುಟ್ಟಿದರು. ತಂದೆ ಫತಹ್ ಮುಹಮ್ಮದ್ ಸಿರಾದ ನವಾಬರ ಕೆಳಗೆ ಅಧಿಕಾರಿಯಾಗಿದ್ದರು. ಹೈದರ್ ಇನ್ನೂ ಚಿಕ್ಕ ಮಗುವಾಗಿದ್ದಾಗಲೇ ಅವರು ಯುದ್ಧದಲ್ಲಿ ಮಡಿದರು. ಆಮೇಲೆ ಆ ಮನೆಗೆ ಬಂದದ್ದು ಸಾಲಗಾರರ ಕಾಟ. ಗಂಡನನ್ನು ಕಳಕೊಂಡ ಆ ತಾಯಿ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಮೊದಲು ಬೆಂಗಳೂರಿಗೆ, ಅಲ್ಲಿಂದ ಶ್ರೀರಂಗಪಟ್ಟಣದಲ್ಲಿದ್ದ ಸಂಬಂಧಿಕರ ಆಸರೆಗೆ ಹೋದರೆಂದು ಚರಿತ್ರೆಕಾರರು ಬರೆದಿದ್ದಾರೆ. ಮುಂದೆ ಇಂಗ್ಲಿಷರನ್ನು ನಡುಗಿಸಿದ ಹೈದರ್ ಅಲಿ ಒಬ್ಬ ಯತೀಮ್ ಬಾಲಕ, ಒಬ್ಬ ವಿಧವೆಯ ಮಗ. ನಮ್ಮ ಮೊಹಲ್ಲಾಗಳಲ್ಲಿ ಹೊಲಿಗೆ ಯಂತ್ರ ತುಳಿದು ಮಕ್ಕಳನ್ನು ಓದಿಸುತ್ತಿರುವ ಸೋದರಿಯರಿಗೆ ಈ ಕಥೆಯನ್ನು ಯಾರಾದರೂ ಹೇಳಬೇಕು.

ಕೋಲಾರ ಪಟ್ಟಣದಲ್ಲಿ ಈ ಕುಟುಂಬದ ಮಕ್ಬರಾ ಇದೆ. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಬಳಿ ದಂಡಯಾತ್ರೆಯ ನಡುವೆ ಹೈದರ್ ಅಲಿ ತೀರಿಕೊಂಡಾಗ ಅವರ ಮೃತದೇಹವನ್ನು ಮೊದಲು ಕೋಲಾರಕ್ಕೆ ತಂದು, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅದೇ ಪಟ್ಟಣದಲ್ಲಿ ಹಳೆಯ ಕೋಲಾರಮ್ಮ ದೇವಸ್ಥಾನವಿದೆ, ಬೆಟ್ಟದ ಮೇಲೆ ಅಂತರಗಂಗೆಯ ಬುಗ್ಗೆಯಿದೆ. ಮರಳುವಾಗ ಬಂಗಾರಪೇಟೆಯ ಪಾನಿಪೂರಿ ತಿನ್ನದೆ ಬಂದರೆ ಮಕ್ಕಳು ನಿಮ್ಮನ್ನು ಕ್ಷಮಿಸಲಾರರು. ಅದರ ಪಾನಿ ನಮ್ಮ ಕಡೆಯಂತೆ ಹಸಿರಲ್ಲ, ತಿಳಿನೀರಿನಂತೆ ಇರುತ್ತದೆ. ಖಾರ ಮಾತ್ರ ಕಣ್ಣಿಗೆ ಕಾಣುವುದಿಲ್ಲ!

ಎರಡನೆಯ ದಿನ: ದೇವನಹಳ್ಳಿ ಮತ್ತು ನಂದಿ ಬೆಟ್ಟ

ಹೆಬ್ಬಾಳ ದಾಟಿ ಉತ್ತರಕ್ಕೆ ಹೋದರೆ ದೇವನಹಳ್ಳಿ. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ರಸ್ತೆಯಲ್ಲಿ ಎಷ್ಟೋ ಸಲ ಹೋಗಿರುತ್ತೀರಿ. ಉಮ್ರಾಕ್ಕೆ ಹೋಗುವವರನ್ನು ಬೀಳ್ಕೊಡಲು, ಗಲ್ಫಿನಿಂದ ಬರುವವರನ್ನು ಕರೆತರಲು. ವಿಮಾನ ನಿಲ್ದಾಣದ ತಿರುವಿನಲ್ಲಿ ತಿರುಗದೆ ನೇರ ಸ್ವಲ್ಪ ಮುಂದೆ ಹೋಗಿದ್ದರೆ ಕೋಟೆ ಕಾಣುತ್ತಿತ್ತು.

1501ರಲ್ಲಿ ಪಾಳೆಯಗಾರ ಮಲ್ಲಬೈರೇಗೌಡರು ಕಟ್ಟಿಸಿದ ಮಣ್ಣಿನ ಕೋಟೆ ಅದು. 1749ರಲ್ಲಿ ಮೈಸೂರಿನ ವಶವಾಯಿತು. ಆ ಮುತ್ತಿಗೆಯಲ್ಲೇ ಹೈದರ್ ಅಲಿ ಮೊದಲ ಬಾರಿಗೆ ಸೈನಿಕನಾಗಿ ಹೆಸರು ಗಳಿಸಿದರು. ನಂತರ ಕಲ್ಲಿನ ಕೋಟೆ ಎದ್ದಿತು. ಕೋಟೆಯ ಹತ್ತಿರದಲ್ಲೇ ಕಂಬಗಳ ನಡುವೆ ಒಂದು ಪುಟ್ಟ ಕಟ್ಟೆ, ಅದರಲ್ಲೊಂದು ಕಲ್ಲುಫಲಕ: ಟಿಪ್ಪು ಸುಲ್ತಾನರು ಹುಟ್ಟಿದ ಸ್ಥಳ. ಇಷ್ಟೇನಾ ಎಂದು ಮಕ್ಕಳು ಕೇಳಬಹುದು. ಆಗ ನೀವು ಕುಳಿತುಕೊಂಡು ಫಖ್ರುನ್ನಿಸಾರ ಬಗ್ಗೆ ಹೇಳಿ.

ಫಾತಿಮಾ ಫಖ್ರುನ್ನಿಸಾ ಕಡಪದ ಕೋಟೆಯ ಅಧಿಕಾರಿ ಮೀರ್ ಮುಯೀನುದ್ದೀನ್‌ರ ಮಗಳು. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತರ ನೆನಪಿಗೆ ಮಗನಿಗೆ ಟಿಪ್ಪು ಎಂಬ ಹೆಸರು ಬಂತು. ಫತಹ್ ಅಲಿ ಎಂಬ ಇನ್ನೊಂದು ಹೆಸರಿನಲ್ಲಿ ಕೋಲಾರದ ಅಜ್ಜನ ನೆನಪಿದೆ. ಆ ಹೊತ್ತಿಗೆ ಗಂಡ ಮೈಸೂರು ಸೈನ್ಯದ ಒಬ್ಬ ಸರದಾರ, ಅಷ್ಟೆ. ರಾಜ್ಯವಿಲ್ಲ, ಸಿಂಹಾಸನವಿಲ್ಲ. ಸುಲ್ತಾನರ ತಾಯಿ ಮಗನನ್ನು ಹೆತ್ತದ್ದು ಅರಮನೆಯಲ್ಲಲ್ಲ, ಈ ಪುಟ್ಟ ಊರಿನಲ್ಲಿ. ಹತ್ತು ಹೆಜ್ಜೆ ಆಚೆ ಕೋಟೆಯೊಳಗೆ ವೇಣುಗೋಪಾಲ ಸ್ವಾಮಿ ದೇವಸ್ಥಾನ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅದನ್ನೂ ಮಕ್ಕಳಿಗೆ ತೋರಿಸಿ. ಚಕ್ಕೋತದ ಕಾಲವಾದರೆ ಎರಡು ಹಣ್ಣು ಕೊಂಡುಕೊಳ್ಳಿ. ದೇವನಹಳ್ಳಿ ಚಕ್ಕೋತ ಎಂದರೆ ಹೆಸರುವಾಸಿ.

ಅಲ್ಲಿಂದ ನಂದಿ ಬೆಟ್ಟ ದೂರವಿಲ್ಲ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ಟಿಪ್ಪುವಿನ ಬೇಸಿಗೆ ಮನೆ, ಕೋಟೆಯ ಗೋಡೆ, ಕೆಳಗೆ ಹರಡಿದ ಬಯಲು. ಈ ಗಟ್ಟಿ ಕೋಟೆಯನ್ನು 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಗೆದ್ದಿತು. 1986ರಲ್ಲಿ ಸಾರ್ಕ್ ಶೃಂಗಸಭೆಗೆ ಬೆಂಗಳೂರಿಗೆ ಬಂದ ದೇಶಗಳ ನಾಯಕರು ವಿರಾಮಕ್ಕೆ ಬಂದದ್ದೂ ಇಲ್ಲಿಗೇ. ಶನಿವಾರ, ಭಾನುವಾರ ವಿಪರೀತ ಜನ, ಆ ದಿನಗಳನ್ನು ಬಿಟ್ಟುಬಿಡಿ. ತಿಂಡಿಯ ಚೀಲವನ್ನು ಭದ್ರವಾಗಿ ಹಿಡಿದುಕೊಳ್ಳಿ, ಕೋತಿಗಳಿಗೆ ನಿಮ್ಮದು ನಮ್ಮದೆಂಬ ಭೇದವಿಲ್ಲ.

ಮೂರನೆಯ ದಿನ: ಶ್ರೀರಂಗಪಟ್ಟಣ

ಮೂರರಲ್ಲಿ ಇದೇ ದೂರ, ಸುಮಾರು 125 ಕಿ.ಮೀ. ರೈಲು ಇಳಿದರೆ ಕೋಟೆಯ ಒಳಗೇ ಇರುತ್ತೀರಿ. ಎರಡು ಮಿನಾರುಗಳ ಮಸ್ಜಿದೆ ಆಲಾ ದೂರದಿಂದಲೇ ಕಾಣುತ್ತದೆ. ಅದೇ ಕೋಟೆಯಲ್ಲಿ ರಂಗನಾಥಸ್ವಾಮಿ ದೇವಸ್ಥಾನ. ಟಿಪ್ಪು ಈ ದೇವಸ್ಥಾನಕ್ಕೆ ಬೆಳ್ಳಿಯ ಪಾತ್ರೆಗಳನ್ನು ಕೊಟ್ಟಿದ್ದರು. 1791ರಲ್ಲಿ ಮರಾಠಾ ಸೈನ್ಯ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು ನೆರವು ಕಳುಹಿಸಿದರು. ಕೊಡಗು, ಮಲಬಾರಿನ ಜನರಿಗೆ ಅವರ ಯುದ್ಧಗಳ ನೋವಿನ ನೆನಪುಗಳಿವೆ ಎಂಬುದನ್ನೂ ಮಕ್ಕಳಿಂದ ಮುಚ್ಚಿಡಬೇಡಿ. ಅರ್ಧ ಹೇಳಿ ಬೆಳೆಸಿದ ಮಗು ಹೊರಗೆ ಉಳಿದರ್ಧ ಕೇಳಿದಾಗ ತಬ್ಬಿಬ್ಬಾಗುತ್ತದೆ. ಎರಡನ್ನೂ ತಾಯಿಯ ಬಾಯಿಂದಲೇ ಕೇಳಿದ ಮಗು ತಲೆಯೆತ್ತಿ ಮಾತಾಡುತ್ತದೆ.

ದರಿಯಾ ದೌಲತ್ 1784ರಲ್ಲಿ ಕಟ್ಟಿದ ಮರದ ಅರಮನೆ. ಗೋಡೆಯ ತುಂಬ ಬಣ್ಣದ ಚಿತ್ರಗಳು. ಪಡುವಣ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧ. ಸೋತ ಇಂಗ್ಲಿಷ್ ಸೇನಾಧಿಕಾರಿ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ, ಹುಡುಕಲು ಮಕ್ಕಳಿಗೆ ಹೇಳಿ.

ಆ ಗೆಲುವು ಉಳಿಯಲಿಲ್ಲ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಹಣ ಸಂದಾಯವಾಗುವ ತನಕ ಇಬ್ಬರು ಪುಟ್ಟ ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಝುದ್ದೀನ್, ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನ ಕೈ ಸೇರಿದರು. ಅವರು ಮರಳಿದ್ದು 1794ರಲ್ಲಿ. ಇಂಗ್ಲಿಷ್ ಚಿತ್ರಕಾರರು ಈ ದೃಶ್ಯವನ್ನು ಮತ್ತೆ ಮತ್ತೆ ಬರೆದರು. ಆ ಎರಡು ವರ್ಷ ಜನಾನಾದಲ್ಲಿ ರಾತ್ರಿಗಳು ಹೇಗೆ ಕಳೆದಿರಬಹುದು ಎಂಬುದನ್ನು, ಮಗುವನ್ನು ದೂರದ ಹಾಸ್ಟೆಲಿಗೆ ಕಳುಹಿಸಿದ ತಾಯಿಗೆ ಯಾರೂ ವಿವರಿಸಬೇಕಾಗಿಲ್ಲ.

ಕೊನೆಗೆ ಗುಂಬಝ್. ಟಿಪ್ಪು ತಂದೆಗಾಗಿ ಕಟ್ಟಿಸಿದ್ದು. ಸುತ್ತ ಹೊಳೆಯುವ ಕಪ್ಪು ಕಲ್ಲಿನ ಕಂಬಗಳು, ಒಳಗೋಡೆಗೆ ಹುಲಿಪಟ್ಟೆಗಳ ಚಿತ್ತಾರ. ಒಳಗೆ ಮೂರು ಗೋರಿಗಳು: ಹೈದರ್ ಅಲಿ, ಫಖ್ರುನ್ನಿಸಾ, ಮತ್ತು 1799ರ ಮೇ 4ರಂದು ಕೋಟೆಯ ಬಾಗಿಲಲ್ಲಿ ಹೋರಾಡುತ್ತ ಹುತಾತ್ಮರಾದ ಟಿಪ್ಪು. ದೇವನಹಳ್ಳಿಯಲ್ಲಿ ಹೆತ್ತ ತಾಯಿ ಇಲ್ಲಿ ಮಗನ ಜೊತೆಗೇ ಮಲಗಿದ್ದಾರೆ. ಫಾತಿಹಾ ಓದಿ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ.

ಈಗ ರಿಚರ್ಡ್ಸ್ ಟೌನಿಗೆ ಬನ್ನಿ. ಟಿಪ್ಪುವಿನ ಪತನದ ನಂತರ ಇಂಗ್ಲಿಷ್ ಸೈನ್ಯ ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತ್ತು. ಅಲ್ಲಿನ ಜ್ವರ, ಸೊಳ್ಳೆಗಳ ಕಾಟ ತಾಳಲಾರದೆ 1809ರಲ್ಲಿ ಅದು ಹಲಸೂರಿನ ಕಡೆಗೆ ಸ್ಥಳಾಂತರವಾಯಿತು. ಅದೇ ಬೆಂಗಳೂರಿನ ದಂಡು. ಅದರ ಸುತ್ತ ಪೇಟೆಗಳು ಬೆಳೆದವು, 1898ರ ಪ್ಲೇಗಿನ ನಂತರ ಉತ್ತರಕ್ಕೆ ಹೊಸ ಬಡಾವಣೆಗಳು ಬಂದವು. ಅಂದರೆ ನಾವಿಂದು ನಿಂತಿರುವ ಬೀದಿಗಳು ಅಲ್ಲಿ ನಡೆದ ಘಟನೆಯಿಂದಲೇ ಹುಟ್ಟಿದವು. ಮಕ್ಕಳಿಗೆ ಇದನ್ನು ಹೇಳಿದರೆ ದೂರದ ಚರಿತ್ರೆ ಮನೆಬಾಗಿಲಿಗೆ ಬರುತ್ತದೆ.

ಹೊರಡುವ ಮುನ್ನ

ಹಿಂದಿನ ರಾತ್ರಿ ಹನ್ನೆರಡರ ತನಕ ಪೂರಿ ಕರಿದು, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಿರಿಯಾನಿ ಕಟ್ಟಿ, ಮರಳಿದ ಮೇಲೆ ರಾಶಿ ಪಾತ್ರೆ ತೊಳೆಯುವುದಾದರೆ ಅದು ಪ್ರವಾಸವಲ್ಲ, ಚಕ್ರ ಕಟ್ಟಿದ ಅಡುಗೆಮನೆ. ಪರಾಟ, ಖಾಗೀನಾ, ನಾಲ್ಕು ಬಾಳೆಹಣ್ಣು ಸಾಕು. ಒಂದು ಹೊತ್ತಿನ ಕೆಲಸವನ್ನು ಗಂಡ, ಮಕ್ಕಳು ಹಂಚಿಕೊಳ್ಳಲಿ.

2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಕರ್ನಾಟಕದ ಮಹಿಳೆಯರಿಗೆ ಶಕ್ತಿ ಯೋಜನೆಯಡಿ ಉಚಿತ ಪ್ರಯಾಣವಿದೆ. ಗುರುತಿನ ಚೀಟಿ ಮರೆಯಬೇಡಿ. ಖರ್ಚಿನ ನೆಪ ಅರ್ಧ ಕಡಿಮೆಯಾಯಿತು.

ಜಾನಮಾಝ್ ಮತ್ತು ವುಝೂಗೆ ಒಂದು ಬಾಟಲಿ ನೀರು ಜೊತೆಗಿರಲಿ. ಮಸೀದಿಯಲ್ಲಿ ಸ್ತ್ರೀಯರಿಗೆ ಸ್ಥಳವಿದೆಯೇ ಎಂದು ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಮರದ ನೆರಳಿದೆ, ಇಡೀ ಭೂಮಿಯೇ ನಮಾಝಿನ ಸ್ಥಳವಲ್ಲವೇ? ಹನಫಿ ವಿದ್ವಾಂಸರು ಸಾಮಾನ್ಯವಾಗಿ ಹೇಳುವ ದೂರ 48 ಮೈಲಿ, ಅಂದರೆ ಸುಮಾರು 77 ಕಿ.ಮೀ. ಆ ಲೆಕ್ಕದಲ್ಲಿ ಶ್ರೀರಂಗಪಟ್ಟಣಕ್ಕೆ ಹೋದಾಗ ಝುಹ್ರ್, ಅಸ್ರ್, ಇಶಾ ಎರಡೆರಡು ರಕಅತ್. ದೇವನಹಳ್ಳಿಯಲ್ಲಿ ಪೂರ್ತಿ ನಾಲ್ಕು. ಕಾವೇರಿಯ ಸಂಗಮದಲ್ಲಿ ಮಕ್ಕಳು ಎಷ್ಟೇ ಹಟ ಮಾಡಿದರೂ ಆಳಕ್ಕೆ ಇಳಿಯಲು ಬಿಡಬೇಡಿ. ಮನೆಯ ಹಿರಿಯರು, ವಯಸ್ಸಾದ ಅತ್ತೆಯವರಿದ್ದರೆ ಅವರನ್ನೂ ಕರೆದುಕೊಳ್ಳಿ. ನಿಮಗಿಂತ ಹೆಚ್ಚು ವರ್ಷ ಅಡುಗೆಮನೆಯಲ್ಲಿ ಕಳೆದವರು ಅವರು.

ಸೋದರಿ, ಈ ಸಲದ ರಜೆಗೆ ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಗುರುತು ಹಾಕಿ. ಮೂರೂ ಬೇಡ, ಒಂದೇ ಸಾಕು. ಆ ಮಕ್ಬರಾದ ಮುಂದೆ, ಆ ಕಲ್ಲಿನ ಮುಂದೆ ನಿಂತು ನಿಮ್ಮ ಮಕ್ಕಳಿಗೆ ನೀವೇ ಕಥೆ ಹೇಳಿ. ನಾಳೆ ಅವರು ಅದನ್ನು ತಮ್ಮ ಮಕ್ಕಳಿಗೆ ಹೇಳುವಾಗ "ಅಮ್ಮ ತೋರಿಸಿದ್ದು" ಎಂದು ಹೇಳಲಿ. ಅಲ್ಲಾಹನು ನಿಮ್ಮ ಪ್ರಯಾಣವನ್ನು ಸುಗಮಗೊಳಿಸಲಿ, ಆಮೀನ್.